ಸೀಮೋಲ್ಲಂಘನ

ಶರನ್ನವರಾತ್ರಿಯಲ್ಲಿ ಮುಂಬಯಿಯ ಒಂದೇ ವಠಾರದೊಳಗೆ ಜಗನ್ಮಾತೆಯು ಹಲವು ರೂಪಗಳಲ್ಲಿ ಪೂಜೆಗೊಳ್ಳುತ್ತಾಳೆ. ಮೈಸೂರು ಸೀಮೆಯವರ ಮನೆಯಲ್ಲಿ ಪಟ್ಟದ ಗೊಂಬೆ, ಮರಾಠಿಗರಲ್ಲಿ ಘಟಸ್ಥಾಪನೆ, ಅಂಗಳದಲ್ಲಿ ಗುಜರಾತಿಗಳ ಗರಬಾ. ರಂಧ್ರಗಳುಳ್ಳ ಮಣ್ಣಿನ ಮಡಕೆಯೊಳಗೆ ದೀಪವನ್ನಿರಿಸಿ ಅದರ ಸುತ್ತ ನರ್ತಿಸುವುದು ಗರಬಾದ ಮೂಲ ಪದ್ಧತಿ. ರಂಧ್ರಗಳು ಹಲವು, ಒಳಗಿನ ಜ್ಯೋತಿ ಒಂದೇ.

ಇದನ್ನರಿತವರೂ ನಲ್ಲಿನೀರಿಗಾಗಿ, ಮೆಟ್ಟಿಲ ಮೇಲಿನ ಕಸಕ್ಕಾಗಿ ನೆರೆಯವರೊಡನೆ ವರ್ಷಗಟ್ಟಲೆ ಮಾತು ಬಿಡುವುದುಂಟು.

ವಿಜಯದಶಮಿಯಂದು ಅರಸರು ರಾಜ್ಯದ ಎಲ್ಲೆಯನ್ನು ದಾಟುತ್ತಿದ್ದರು, ಅದೇ ಸೀಮೋಲ್ಲಂಘನ. ಗೃಹಸ್ಥನು ದಾಟಬೇಕಾದ ಎಲ್ಲೆ ಆತನ ಹೊಸ್ತಿಲು. ಅಂದು ಉತ್ತರ ಕರ್ನಾಟಕದವರು ಬನ್ನಿಯನ್ನು, ಮರಾಠಿಗರು ಆಪಟಾ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಮುನಿಸಿಕೊಂಡವರ ಮನೆಗೆ ಒಯ್ದ ಎಲೆಯೇ ಅಪ್ಪಟ ಬಂಗಾರ. ಕಿರಿಯರ ಕೈಯಲ್ಲಿ ಅದನ್ನು ಕಳುಹಿಸಿ ಹಿರಿಯರು ಒಳಗುಳಿಯಬಾರದು, ಜೊತೆಗೆ ನಡೆಯಬೇಕು. ಮಕ್ಕಳು ಧರ್ಮವನ್ನು ಕಲಿಯುವುದು ಹಿರಿಯರ ನಡೆಯನ್ನು ಕಂಡು.

ಶ್ರೀ ಚಾಮುಂಡೇಶ್ವರಿಯು ಸರ್ವರಿಗೂ ಆ ಧೈರ್ಯವನ್ನು ಅನುಗ್ರಹಿಸಲಿ.