ಪತ್ತಾಯವೂ ಎರಡು ಸೇರುಗಳೂ

ಈ ಸಲದ ಸಮ್ಮೇಳನದ ಛಾಯಾಚಿತ್ರ ಪ್ರದರ್ಶನಕ್ಕೆ ನಮ್ಮ ಕಾಸರಗೋಡು ಸೀಮೆಯ ಹಳೆಯ ಪತ್ತಾಯ, ಕಣಜ, ಹಟ್ಟಿಗಳ ಚಿತ್ರಗಳನ್ನು ಒದಗಿಸಬೇಕೆಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡರು. ಚಿತ್ರ ತೆಗೆಯುವ ವಿದ್ಯೆ ನಮಗೆ ತಿಳಿಯದು. ಪ್ರಾಥಮಿಕ ಶಾಲೆಯಲ್ಲಿ ನಮ್ಮೊಡನೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತ, ಮುಂದೆ ಪೇಟೆಯಲ್ಲಿ ಬಹುಕಾಲ ಸ್ಟುಡಿಯೋ ನಡೆಸಿದ ಗೆಳೆಯರೊಬ್ಬರು ಕ್ಯಾಮರಾ ಹೆಗಲಿಗೇರಿಸಿಕೊಂಡು ಜೊತೆಗೆ ಬಂದರು. ಒಂದು ಮುಂಜಾನೆ ಬದಿಯಡ್ಕದಿಂದ ಹೊರಟು, ಪೆರ್ಲದ ಕಡೆಯ ಗುಡ್ಡ ಬೈಲುಗಳನ್ನು ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಮರಳಿದೆವು. ಆ ದಿನ ಎದುರಾದ ಒಂದು ಪ್ರಶ್ನೆಯನ್ನು ಸಂಘದ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಹಿರಿಯರಿಂದ ಬಂದ ವಸ್ತುವಿನ ಸೊಬಗನ್ನು ನಮ್ಮದೆಂದು ಹೇಳಿಕೊಳ್ಳುವ ನಾವು, ಅದರೊಡನೆ ಬಂದ ತಪ್ಪಿಗೂ ವಾರಸುದಾರರೇ?

ಮೊದಲು ಕಂಡದ್ದನ್ನು ಹೇಳಿಬಿಡೋಣ. ಮುರಕಲ್ಲಿನ ಗೋಡೆಯ ಹಟ್ಟಿಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಹಿಂದೆ ಅವುಗಳ ಮಾಡಿಗೆ ಮುಳಿಹುಲ್ಲು ಹೊದೆಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ, ಅನುಕೂಲವಿದ್ದವರು ಒಬ್ಬೊಬ್ಬರಾಗಿ ಹಂಚಿಗೆ ಬದಲಾದರು. ಈಗ ಬೈಲುಗಳಲ್ಲಿ ಬಹುಪಾಲು ಅಡಕೆ, ಗುಡ್ಡಗಳಲ್ಲಿ ರಬ್ಬರು. ಭತ್ತವೇ ಇಲ್ಲದ ಮೇಲೆ ಪತ್ತಾಯಕ್ಕೇನು ಕೆಲಸ? ಒಂದು ಮನೆಯ ಪತ್ತಾಯದಲ್ಲಿ ಅಡಕೆಯ ಖಾಲಿ ಗೋಣಿಗಳಿದ್ದವು. ಇನ್ನೊಂದರಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಮತ್ತೊಂದು ಮನೆಯ ಅಟ್ಟದಲ್ಲಿ ಅಕ್ಕಿಮುಡಿ ಕಟ್ಟುವ ಬೈಹುಲ್ಲಿನ ಹಗ್ಗವೊಂದು ಧೂಳು ತುಂಬಿ ನೇತಾಡುತ್ತಿತ್ತು. ಮುಡಿ ಕಟ್ಟಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿಲ್ಲವಂತೆ. ಗೆಳೆಯರು ಎಲ್ಲಿಯೂ ಅವಸರಪಡಲಿಲ್ಲ. ಗಾಜಿನ ಹಂಚಿನಿಂದ ಇಳಿಯುವ ಬೆಳಕು ಮರದ ಮೇಲೆ ಬೀಳುವ ತನಕ ಕಾಯುತ್ತಿದ್ದರು. ಆಮೇಲೆ ಒಂದೇ ಒಂದು ಚಿತ್ರ ತೆಗೆಯುತ್ತಿದ್ದರು.

ಮಧ್ಯಾಹ್ನ ಕಳೆದು ನಮ್ಮ ಮೂಲಮನೆಗೆ ಬಂದೆವು. ಪಾಲಾದ ಮೇಲೆ ಅದು ದಾಯಾದಿಯೊಬ್ಬರದು. ಅಲ್ಲಿಯ ಪತ್ತಾಯವನ್ನು ತೋರಿಸಬೇಕೆಂಬ ಹೆಮ್ಮೆ ಬೆಳಗಿನಿಂದಲೂ ನಮ್ಮಲ್ಲಿತ್ತೆಂಬುದನ್ನು ಮುಚ್ಚಿಡಲಾರೆವು. ಹಲಸಿನ ಮರದ್ದು, ಸಣ್ಣ ಕೋಣೆಯಷ್ಟು ದೊಡ್ಡದು. ಮುಂಭಾಗದಲ್ಲಿ ಹಲಗೆಗಳನ್ನು ಗಾಡಿಯೊಳಗೆ ಒಂದರ ಮೇಲೊಂದು ಇಳಿಬಿಟ್ಟಿದ್ದಾರೆ. ಭತ್ತ ಇಳಿದಂತೆ ಮೇಲಿನ ಹಲಗೆಯನ್ನು ತೆಗೆಯುತ್ತ ಬರಬೇಕು. ಎಲ್ಲಿಯೂ ಒಂದು ಕಬ್ಬಿಣದ ಮೊಳೆಯಿಲ್ಲ. ಗೆಳೆಯರು ಹಲಗೆಯ ಅಂಚನ್ನು ಬೆರಳಿನಿಂದ ಸವರಿ, ತಲೆದೂಗಿದರು. ಬಳಿಕ ಒಳಗೆ ಬಗ್ಗಿ ನೋಡಿ, ಮೂಲೆಯಲ್ಲಿ ಬಿದ್ದಿದ್ದ ಮರದ ಸೇರೊಂದನ್ನು ಹೊರತೆಗೆದು ಬೆಳಕಿಗೆ ಹಿಡಿದರು.

“ಮಾಸ್ಟ್ರೇ, ಇದು ಕೊಡುವ ಸೇರು. ತೆಗೆದುಕೊಳ್ಳುವ ಸೇರು ಎಲ್ಲುಂಟು?” ಎಂದು ಕೇಳಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ.

“ಗೊತ್ತಿಲ್ಲ” ಎಂದೆವು.

ಅದು ಸುಳ್ಳು. ಅದು ಎಲ್ಲಿದೆಯೆಂದು ನಮಗೆ ಚೆನ್ನಾಗಿ ಗೊತ್ತು. ಪಾಲಿನಲ್ಲಿ ನಮಗೆ ಬಂದ ಆ ಸೇರು ಇಷ್ಟು ವರ್ಷ ನಮ್ಮ ಬರೆಯುವ ಮೇಜಿನ ಮೇಲಿದೆ. ಅದರಲ್ಲಿ ಪೆನ್ನುಗಳನ್ನು ಇಟ್ಟುಕೊಂಡಿದ್ದೇವೆ.

ಎಳೆಯ ಓದುಗರಿಗಾಗಿ ಒಂದೆರಡು ಮಾತು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮಲ್ಲಿ ಭೂಮಿಯ ಒಡೆತನ ವರ್ಗದಾರನದು, ಸಾಗುವಳಿ ಒಕ್ಕಲಿನದು. ಮೂಲಗೇಣಿಯವನಿಗೆ ಭೂಮಿಯ ಮೇಲೆ ಶಾಶ್ವತವಾದ ಹಿಡಿತವಿತ್ತು. ಚಾಲಗೇಣಿಯವನು ಒಡೆಯನ ಮರ್ಜಿಗೆ ಒಳಪಟ್ಟವನು. ಗೇಣಿಯನ್ನು ಮುಡಿಯ ಲೆಕ್ಕದಲ್ಲಿ ಗೊತ್ತುಮಾಡುತ್ತಿದ್ದರು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ ಮುಡಿಗೆ 42 ಸೇರು. ನಮ್ಮ ಗೆಳೆಯರ ತಂದೆ ನಮ್ಮ ಮನೆಯ ಚಾಲಗೇಣಿಯ ಒಕ್ಕಲಾಗಿದ್ದರು. ಕೊಯ್ಲಾದ ಬಳಿಕ ಅವರು ಹೊತ್ತು ತಂದದ್ದನ್ನು ಅಂಗಳದಲ್ಲಿ ಅಳೆಯುವಾಗ, ಅಕ್ಷರ ಬಲ್ಲ ಹುಡುಗನೆಂದು ಲೆಕ್ಕ ಬರೆಯಲು ಚಾವಡಿಯಲ್ಲಿ ಕೂರಿಸುತ್ತಿದ್ದುದು ನಮ್ಮನ್ನು. ಜೊತೆಗೆ ಬಂದ ಸಹಪಾಠಿ ಅಂಗಳದಲ್ಲಿ ನಿಂತಿರುತ್ತಿದ್ದರು.

ಒಂದು ಆಟಿ ತಿಂಗಳಲ್ಲಿ, ಯಾರಿಗೋ ಕಡ ಕೊಡುವ ಹೊತ್ತಿನಲ್ಲಿ, ನಾವು ಆಟಕ್ಕೆಂಬಂತೆ ಕೊಡುವ ಸೇರನ್ನು ತುಂಬಿ ತೆಗೆದುಕೊಳ್ಳುವ ಸೇರಿಗೆ ಸುರಿದೆವು. ಅದು ತುಂಬಲಿಲ್ಲ. ಇನ್ನೊಂದು ಹಿಡಿ ಬೇಕಾಯಿತು. ತಂದೆಯವರು ನೋಡಿದರು; ಏನನ್ನೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಸೇರಿಗೊಂದು ಹಿಡಿಯಾದರೆ ಮುಡಿಗೆ 42 ಹಿಡಿ; ಇಪ್ಪತ್ತು ಮುಡಿ ಗೇಣಿಗೆ 840 ಹಿಡಿ. ಮುಂದೆ ಎಷ್ಟೋ ವರ್ಷ ಮಕ್ಕಳಿಗೆ ಗಣಿತ ಕಲಿಸಿದ ನಾವು ಈ ಒಂದು ಲೆಕ್ಕವನ್ನು ಯಾವ ಕರಿಹಲಗೆಯ ಮೇಲೂ ಬರೆಯಲಿಲ್ಲ.

ತಪ್ಪು ತಂದೆಯದು, ಮಗನದಲ್ಲ ಎಂದು ವಾದಿಸಬಹುದು. ನ್ಯಾಯಾಲಯವೂ ಹಾಗೆಯೇ ಹೇಳೀತು. ಕೇರಳ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು 1970ರ ಜನವರಿ 1ರಂದು ಗೇಣಿ ಪದ್ಧತಿ ಕೊನೆಗೊಂಡಿತು. ಗೆಳೆಯರ ತಂದೆಗೆ ತಾವು ಉತ್ತ ಭೂಮಿಯ ಪಟ್ಟೆ ದೊರೆಯಿತು. ಹಾಗಾದರೆ ಲೆಕ್ಕ ಚುಕ್ತಾ ಆಯಿತಲ್ಲವೇ? ಇದಲ್ಲದೆ, ಆಟಿಯ ಮಳೆಯಲ್ಲಿ ಒಲೆ ಹೊತ್ತದ ಮನೆಗಳಿಗೆ ಇದೇ ಪತ್ತಾಯದಿಂದ ಭತ್ತ ಹೋಗುತ್ತಿದ್ದುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ತಂದೆಯವರು ಕಟುಕರಾಗಿರಲಿಲ್ಲ. ಊರಿನ ರೂಢಿ ಹಾಗಿತ್ತೆಂದೂ ಹೇಳಬಹುದು.

ಈ ವಾದಗಳನ್ನೆಲ್ಲ ಆ ರಾತ್ರಿ ನಮಗೆ ನಾವೇ ಹೇಳಿಕೊಂಡೆವು, ನಿದ್ದೆ ಬರಲಿಲ್ಲ. ಕಾಯಿದೆ ಭೂಮಿಯ ಲೆಕ್ಕವನ್ನು ತೀರಿಸಿತು, ನಿಜ. ಸೇರಿನ ಲೆಕ್ಕ ಅದರ ಮುಂದೆ ಬಂದೇ ಇರಲಿಲ್ಲ. ರೂಢಿಯೆಂಬ ಮಾತೂ ನಿಲ್ಲುವುದಿಲ್ಲ. ರೂಢಿಯೆಂದು ಎಲ್ಲರೂ ಒಪ್ಪಿದ್ದರೆ ಒಂದೇ ದೊಡ್ಡ ಸೇರು ಸಾಕಿತ್ತು, ಎರಡು ಬೇಕಾಗುತ್ತಿರಲಿಲ್ಲ. ಇನ್ನು ತಂದೆ ಬೇರೆ, ಮಗ ಬೇರೆ ಎಂಬ ಮಾತು. ಆಸ್ತಿಯನ್ನು ಒಪ್ಪಿಕೊಂಡವನು ಅದರ ಮೇಲಿನ ಸಾಲವನ್ನೂ ಒಪ್ಪಿಕೊಳ್ಳಬೇಕೆಂಬುದು ಲೋಕನ್ಯಾಯ. ‘ನಮ್ಮ ಮನೆಯ ಪತ್ತಾಯ’ ಎಂದು ಬೆಳಗಿನಿಂದ ಹೆಮ್ಮೆಪಟ್ಟವರು ನಾವು. ಹೆಮ್ಮೆಗೆ ಮಗನಾಗಿ, ನಾಚಿಕೆಗೆ ಮಾತ್ರ ಪರಕೀಯನಾಗುವುದು ಹೇಗೆ? ತಂದೆಯ ಪಾಪ ನಮ್ಮನ್ನು ಅಂಟದಿರಬಹುದು. ಆದರೆ ‘ಗೊತ್ತಿಲ್ಲ’ ಎಂದ ಮಾತು ತಂದೆಯದಲ್ಲ, ನಮ್ಮದು. ಗತಿಸಿದವರ ತಪ್ಪನ್ನು ನಾವು ಅಳಿಸಲಾರೆವು. ಅದನ್ನು ಮುಚ್ಚಿಟ್ಟರೆ ಆ ಮುಚ್ಚಿಟ್ಟ ತಪ್ಪು ನಮ್ಮ ಸ್ವಂತದ್ದಾಗುತ್ತದೆ. ಉತ್ತರಾಧಿಕಾರಿಯ ಹೊಣೆ ಇಷ್ಟು ಎಂಬುದು ನಮಗೆ ತೋಚಿದ ಉತ್ತರ.

ಮರುದಿನ ಪೆನ್ನುಗಳನ್ನು ಮೇಜಿನ ಮೇಲೆ ಸುರಿದು, ಸೇರನ್ನು ಕೈಚೀಲದಲ್ಲಿಟ್ಟುಕೊಂಡು ಗೆಳೆಯರ ಮನೆಗೆ ಹೋದೆವು. ನಿನ್ನೆಯ ಸುಳ್ಳನ್ನು ಹೇಳಿಕೊಂಡೆವು. ಅವರು ಸೇರನ್ನು ತಿರುಗಿಸಿ ನೋಡಿದರು. “ಅಪ್ಪನಿಗೆ ಗೊತ್ತಿತ್ತು, ಮಾಸ್ಟ್ರೇ. ಮನೆಯಿಂದ ಹೊರಡುವಾಗಲೇ ಒಂದು ಚೀಲ ಹೆಚ್ಚು ಹೊರಿಸುತ್ತಿದ್ದರು” ಎಂದರು. ಆ ಪತ್ತಾಯದ ಚಿತ್ರವನ್ನು ಪ್ರದರ್ಶನದಿಂದ ಕೈಬಿಡೋಣವೇ ಎಂದು ಕೇಳಿದೆವು. ಅವರು ಒಪ್ಪಲಿಲ್ಲ. “ಅಷ್ಟು ಚಂದ ಕೆಲಸ ಮಾಡಿದ ಆಚಾರಿಯದ್ದು ಎಂಥ ತಪ್ಪು? ಚಿತ್ರ ಇರಲಿ. ಅಡಿಯಲ್ಲಿ ಏನು ಬರೆಯುತ್ತೀರಿ, ಅದು ನಿಮಗೆ ಬಿಟ್ಟದ್ದು.”

ಈ ಮಾತಿನಿಂದ ನಾವು ಕಲಿತದ್ದು ಬಹಳ. ಸೊಬಗನ್ನು ಕಂಡು ತಪ್ಪನ್ನು ಮರೆಯಬೇಕಿಲ್ಲ. ತಪ್ಪಿದೆಯೆಂದು ಸೊಬಗನ್ನು ಸುಡಬೇಕಾಗಿಯೂ ಇಲ್ಲ. ಹಲಗೆ ಕೂಡಿಸಿದ ಕೈಗೆ ಸಲ್ಲುವ ಗೌರವ ಅದಕ್ಕೆ ಸಲ್ಲಲಿ. ಭತ್ತ ಬೆಳೆದ ಕೈಗೆ ಸಲ್ಲಬೇಕಾದ ಸತ್ಯ ಅದಕ್ಕೆ ಸಲ್ಲಲಿ.

ಸಂಘದ ವೇದಿಕೆಯಲ್ಲಿ ನಾವು ಮತ್ತೆ ಮತ್ತೆ ಹೇಳಿಕೊಳ್ಳುವ ದೂರೊಂದಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳದ ಪಾಲಾಯಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದ ಮಹಾಜನ ಆಯೋಗದ 1967ರ ವರದಿ ಹಾಗೆಯೇ ಉಳಿಯಿತು. ನಮ್ಮನ್ನು ಅಳೆಯುವ ಅಳತೆಯೇ ಬೇರೆ ಎಂದು ನಾವು ನೊಂದು ನುಡಿಯುತ್ತೇವೆ. ಆ ನೋವು ಸುಳ್ಳಲ್ಲ. ಆದರೆ ಒಂದೇ ಅಳತೆಯನ್ನು ಬೇಡುವವರ ಮನೆಯಲ್ಲಿ ಎರಡು ಸೇರುಗಳಿದ್ದವೆಂಬುದನ್ನು ನಾವೇ ಮೊದಲು ಹೇಳಿದರೆ, ನಮ್ಮ ದೂರಿಗೆ ತೂಕ ಹೆಚ್ಚೀತೇ ಹೊರತು ಕಡಿಮೆಯಾಗದು.

ಪ್ರದರ್ಶನಕ್ಕೆ ಬರುವ ಬಂಧುಗಳು ಆ ಚಿತ್ರದ ಮುಂದಿನ ಮೇಜಿನ ಮೇಲೆ ಎರಡೂ ಸೇರುಗಳನ್ನು ಕಾಣುವರು. ಪಕ್ಕದಲ್ಲಿ ಒಂದಿಷ್ಟು ಭತ್ತವನ್ನೂ ಇಟ್ಟಿರುತ್ತೇವೆ. ಮಕ್ಕಳು ಒಂದರಿಂದ ಇನ್ನೊಂದಕ್ಕೆ ಸುರಿದು ನೋಡಲಿ. ಚಿತ್ರದ ಅಡಿಯಲ್ಲಿ ಬರೆದಿರುವುದು ಇಷ್ಟೇ: ‘ಭತ್ತದ ಪತ್ತಾಯ. ಹಲಸಿನ ಮರ. ಗೇಣಿಯ ಭತ್ತ ತುಂಬುತ್ತಿದ್ದರು. ತೆಗೆದುಕೊಳ್ಳಲು ಒಂದು ಸೇರು, ಕೊಡಲು ಒಂದು ಸೇರು.’

ಬರಹವನ್ನು ಗೆಳೆಯರಿಗೆ ತೋರಿಸಿದೆವು. ಅವರು ಚೀಟಿಯನ್ನು ದೂರಕ್ಕೆ ಹಿಡಿದು ಓದಿ ಅಂದರು: “ಅಕ್ಷರ ಸ್ವಲ್ಪ ದೊಡ್ಡದಾಗಲಿ, ಮಾಸ್ಟ್ರೇ. ಕನ್ನಡಕ ತಾರದವರಿಗೂ ಓದಲಿಕ್ಕೆ ಆಗಬೇಕು.”