ದಾರಿಹೋಕ ಕೇಳುಗನ ಅಭಿಪ್ರಾಯ

ಒಂದು ಕಲೆಯನ್ನು ಕುರಿತು ಅಭಿಪ್ರಾಯ ಹೇಳಬೇಕಾದರೆ ಎಷ್ಟು ತಿಳಿದಿರಬೇಕು? ಸುಲಭವಾಗಿ ಕಾಣುವ ಈ ಪ್ರಶ್ನೆ ಉತ್ತರ ಹೇಳಹೊರಟವನನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಎಲ್ಲವೂ ತಿಳಿದಿರಬೇಕು ಎಂದರೆ ಸಭೆಯಲ್ಲಿ ಗಾಯಕನೂ ಅವನ ಗುರುವೂ ಇಬ್ಬರೇ ಉಳಿಯುತ್ತಾರೆ. ಏನೂ ತಿಳಿದಿರಬೇಕಾಗಿಲ್ಲ ಎಂದರೆ ತಲೆದೂಗುವುದಕ್ಕೂ ತೂಕಡಿಸುವುದಕ್ಕೂ ವ್ಯತ್ಯಾಸವೇ ಇಲ್ಲವಾಗುತ್ತದೆ. ನಮ್ಮಲ್ಲಿ ಬಹುಮಂದಿ ಈ ಎರಡು ತುದಿಗಳ ನಡುವೆ ಎಲ್ಲೋ ಇರುವವರು. ರಾಮನವಮಿಯ ಪೆಂಡಾಲಿನಲ್ಲಿ ಒಂದು ಕಚೇರಿ, ಗೆಳೆಯರ ಮನೆಯಲ್ಲಿ ಒಂದು ಹಾಡು, ಹೀಗೆ ಕೇಳಿ, ಮೆಚ್ಚಿ, ಮರೆಯುವವರು. ಇಂಥ ದಾರಿಹೋಕರ ಮಾತಿಗೆ ಬೆಲೆಯುಂಟೆ ಎಂಬುದು ಬರಿಯ ರಸಿಕತೆಯ ಪ್ರಶ್ನೆಯಲ್ಲ. ಅದರೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ ಎಂದು ನನಗೆ ತೋರುತ್ತದೆ.

ಇದನ್ನು ಚರ್ಚಿಸಲು ನಾನು ಆರಿಸಿಕೊಂಡಿರುವ ಉದಾಹರಣೆ ವಾಚಕರಿಗೆ ವಿಚಿತ್ರವೆನಿಸಬಹುದು: ಹಾರ್ಡ್‌ಕೋರ್ ಪಂಕ್ ಎಂಬ ಸಂಗೀತ. ಪಂಪ ರನ್ನರನ್ನು ಪಾಠ ಹೇಳುವವನಿಗೆ ಈ ಗದ್ದಲವೇಕೆ ಎಂದು ಮನೆಯಲ್ಲಿಯೂ ಕೇಳುತ್ತಾರೆ. ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಮುಕ್ಕಾಲು ಗಂಟೆ, ಹಿಂದಿರುಗುವ ಮುಕ್ಕಾಲು ಗಂಟೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾಲ್ಕೈದು ವರ್ಷಗಳಿಂದ ಅಲ್ಲೊಂದು ಇಲ್ಲೊಂದು ಆಲ್ಬಂ ಕೇಳಿದ್ದೇನೆ. ನನ್ನ ಅಧಿಕಾರ ಅಷ್ಟೇ.

ಪಂಕ್ ಸಂಗೀತ 1970ರ ದಶಕದ ನಡುವೆ ನ್ಯೂಯಾರ್ಕಿನಲ್ಲಿಯೂ ಲಂಡನ್ನಿನಲ್ಲಿಯೂ ತಲೆಯೆತ್ತಿತು. ದಶಕ ಮುಗಿಯುವ ಹೊತ್ತಿಗೆ ಅದು ಪಳಗಿಹೋಯಿತು, ಕಂಪನಿಗಳ ಸರಕಾಯಿತು ಎಂದು ಬೇಸತ್ತ ಅಮೆರಿಕದ ಹುಡುಗರು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ವಾಷಿಂಗ್‌ಟನ್ನಿನಲ್ಲಿ ಅದನ್ನು ಇನ್ನೂ ವೇಗವಾಗಿ, ಇನ್ನೂ ಮೊಟಕಾಗಿ, ಅಲಂಕಾರವೇ ಇಲ್ಲದೆ ಬಾರಿಸತೊಡಗಿದರು. ಹಾಡೊಂದಕ್ಕೆ ಒಂದು ನಿಮಿಷ, ಹೆಚ್ಚೆಂದರೆ ಎರಡು. ಗಿಟಾರು, ಬಾಸ್ ಗಿಟಾರು, ಡ್ರಮ್ಮು, ಕೂಗುವ ಒಂದು ಕಂಠ. ದೊಡ್ಡ ಕಂಪನಿಗಳು ಮೂಸಿ ನೋಡದ ಈ ಸಂಗೀತವನ್ನು ಹುಡುಗರೇ ಮುದ್ರಿಸಿ ಮಾರಿದರು. 1980ರಲ್ಲಿ ವಾಷಿಂಗ್‌ಟನ್ನಿನ ಟೀನ್ ಐಡಲ್ಸ್ ಎಂಬ ತಂಡ ಚದುರಿದಾಗ, ಅದುವರೆಗೆ ಕೂಡಿಟ್ಟಿದ್ದ ಹಣವನ್ನು ಹಂಚಿಕೊಳ್ಳದೆ ತಮ್ಮ ಹಾಡುಗಳ ಒಂದು ರೆಕಾರ್ಡು ಮಾಡಿಸಿದರು. ಡಿಸ್ಕಾರ್ಡ್ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಇವರ ಕಚೇರಿಗಳಲ್ಲಿ ವೇದಿಕೆ ಎತ್ತರವಿರುವುದಿಲ್ಲ. ಹಾಡುವವನ ಮೈಕು ಕೇಳುವವರ ಬಾಯಿಗೂ ಹೋಗುತ್ತದೆ. ನನಗೆ ಬಂದದ್ದು ನಿನಗೂ ಬರುತ್ತದೆ, ನೀನೂ ಮಾಡು ಎಂಬುದೇ ಇದರ ಮೂಲತತ್ತ್ವ.

ಇನ್ನು ನನ್ನ ಅಭಿಪ್ರಾಯಗಳು. ಇವು ತೀರ್ಪುಗಳಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ; ಆ ವ್ಯತ್ಯಾಸದ ವಿಚಾರ ಮುಂದೆ ಬರುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿರುವುದು ಬ್ಯಾಡ್ ಬ್ರೇನ್ಸ್ ಎಂಬ ತಂಡ 1982ರಲ್ಲಿ ಬರಿಯ ಕ್ಯಾಸೆಟ್ಟಾಗಿ ಹೊರತಂದ ಆಲ್ಬಂ. ಇವರು ವಾಷಿಂಗ್‌ಟನ್ನಿನ ಕರಿಯ ತರುಣರು. ಮೊದಲು ಜಾಜ್ ಮಿಶ್ರಿತ ಸಂಗೀತದಲ್ಲಿ ಕೈ ಪಳಗಿಸಿಕೊಂಡಿದ್ದವರು. ವೇಗವೆಂದರೆ ಅಚ್ಚುಕಟ್ಟಿಲ್ಲದಿರುವುದು ಎಂದು ತಿಳಿದವರು ಇದನ್ನು ಕೇಳಬೇಕು. ಸುಂಟರಗಾಳಿಯಂಥ ಹಾಡುಗಳ ನಡುವೆ ಜಮೈಕದ ರೆಗೆ ಧಾಟಿಯ ನಿಧಾನವಾದ ಹಾಡುಗಳು ಬರುತ್ತವೆ. ಅವು ಬರಿಯ ವಿಶ್ರಾಂತಿಯಲ್ಲ. ಸಿಟ್ಟಿನ ಕೆಳಗೆ ಒಂದು ನಂಬಿಕೆಯಿದೆ ಎಂಬುದನ್ನು ತೋರಿಸುವ ಕಿಂಡಿಗಳು.

ಕ್ಯಾಲಿಫೋರ್ನಿಯದ ಬ್ಲ್ಯಾಕ್ ಫ್ಲ್ಯಾಗ್ ತಂಡದ 'ಡ್ಯಾಮೇಜ್ಡ್' 1981ರದು. ಬಲ್ಲವರು ಅದನ್ನೇ ಮೇಲೆನ್ನುತ್ತಾರೆ. ನನಗೆ ಪ್ರಿಯವಾದದ್ದು 1984ರ 'ಮೈ ವಾರ್', ಅದರಲ್ಲಿಯೂ ಎರಡನೆಯ ಮಗ್ಗುಲು. ಅಲ್ಲಿರುವುದು ಮೂರೇ ಹಾಡು. ಒಂದೊಂದೂ 6 ನಿಮಿಷ ಮೀರಿದ್ದು. ವೇಗವನ್ನೇ ವ್ರತವೆಂದುಕೊಂಡಿದ್ದ ಅಭಿಮಾನಿಗಳು ಅನೇಕರು ಕೆರಳಿದರಂತೆ. ರೌದ್ರಕ್ಕೆ ಕ್ರೋಧವೇ ಸ್ಥಾಯಿ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಆ ಕ್ರೋಧ ಓಡುತ್ತಿರುವಾಗ ಅದರ ಆರ್ಭಟವಷ್ಟೇ ಕೇಳಿಸುತ್ತದೆ. ಕಾಲೆಳೆಯುತ್ತ ನಡೆಯುವಾಗ ಅದರೊಳಗಿನ ನೋವು ಕೇಳಿಸುತ್ತದೆ.

ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ ತಂಡದ 1986ರ ಆಲ್ಬಮ್ಮಿಗೆ 'ದಿ ಏಜ್ ಆಫ್ ಕ್ವಾರೆಲ್' ಎಂದು ಹೆಸರು. ಕಲಹದ ಯುಗ, ನಮ್ಮ ಕಲಿಯುಗವೇ! 1966ರಲ್ಲಿ ಅದೇ ಊರಿನಲ್ಲಿ ಸ್ಥಾಪನೆಯಾದ ಇಸ್ಕಾನ್ ಪಂಥದ ಪ್ರಭಾವ ಈ ತಂಡದವರ ಮೇಲಿತ್ತು. ನಮ್ಮಲ್ಲಿ ಕಲಿಯುಗವೆಂಬುದು ಹಾಲಿನ ಬೆಲೆ ಏರಿದಾಗ ಆಡುವ ಮಾತಾಗಿಬಿಟ್ಟಿದೆ. ಬೀದಿಯ ಒರಟುತನದಲ್ಲಿ ಬೆಳೆದ ಆ ಹುಡುಗರಿಗೆ ಅದು ಕಣ್ಣೆದುರಿನ ವರ್ಣನೆಯಾಗಿತ್ತು. ಸವೆದುಹೋದ ನಮ್ಮ ಶಬ್ದಕ್ಕೆ ಅವರು ಮತ್ತೆ ಮೊನೆ ಹಚ್ಚಿದರು ಎನಿಸುತ್ತದೆ.

ಇಂಗ್ಲೆಂಡಿನ ಡಿಸ್‌ಚಾರ್ಜ್ ತಂಡ 1982ರಲ್ಲಿ ಹೊರತಂದ ಆಲ್ಬಮ್ಮಿನ ಹೆಸರು ಗಾಂಧೀಜಿಯ ಮೂರು ಕೋತಿಗಳನ್ನು ನೆನಪಿಗೆ ತರುತ್ತದೆ. ಆದರೆ ಅಲ್ಲಿ ಏನನ್ನೂ ಕೇಳದ, ನೋಡದ, ಆಡದ ಸ್ಥಿತಿ ಸಂಯಮವಲ್ಲ, ಅಣುಯುದ್ಧದ ನೆರಳಿನಲ್ಲಿ ಮರಗಟ್ಟಿದ ಸಮಾಜ. ಇವರ ಡ್ರಮ್ಮಿನ ಒಂದು ನಡೆ ಎಷ್ಟು ಪ್ರಸಿದ್ಧವಾಯಿತೆಂದರೆ ಅದಕ್ಕೆ ಡಿ-ಬೀಟ್ ಎಂದೇ ಹೆಸರಾಯಿತು. ಸ್ವೀಡನ್ನಿನಿಂದ ಜಪಾನಿನವರೆಗೆ ಅದೇ ನಡೆಯನ್ನು ಹಿಡಿದ ತಂಡಗಳು ಹುಟ್ಟಿದವು. ಹಲವು ತಮ್ಮ ಹೆಸರಿನ ಮುಂದೆ 'ಡಿಸ್' ಎಂಬ ಉಪಸರ್ಗವನ್ನೂ ಸೇರಿಸಿಕೊಂಡವು. ಇದು ಅನುಕರಣೆ ಎಂದು ನಗುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಕುಮಾರವ್ಯಾಸನ ಅನಂತರ ಎಷ್ಟು ಕವಿಗಳು ಭಾಮಿನಿ ಷಟ್ಪದಿಯಲ್ಲಿ ಬರೆಯಲಿಲ್ಲ! ಡಿ-ಬೀಟ್ ಒಂದು ಛಂದಸ್ಸು. ಛಂದಸ್ಸನ್ನು ಬಳಸಿದ್ದು ದೋಷವಲ್ಲ. ಹೇಳಲು ಏನೂ ಇಲ್ಲದೆ ಬಳಸಿದರೆ ಮಾತ್ರ ದೋಷ.

ಉಳಿದವನ್ನು ಬೇಗ ಹೇಳುತ್ತೇನೆ. ಹಸ್ಕರ್ ಡೂ ತಂಡದ 1984ರ 'ಜೆನ್ ಆರ್ಕೇಡ್' ನಾಲ್ಕು ಮಗ್ಗುಲಿನ ಮಹಾಕಾವ್ಯ. ಕೊನೆಯ ವಾದ್ಯಭಾಗವೊಂದೇ ಸುಮಾರು 14 ನಿಮಿಷ. ನನ್ನ ಬಸ್ ಪ್ರಯಾಣಕ್ಕೆ ಅದು ದೊಡ್ಡದು, ಆದರೂ ಬಿಡಲಾರೆ. ನೇಪಾಮ್ ಡೆತ್ ತಂಡದ 1987ರ 'ಸ್ಕಮ್' ಆಲ್ಬಮ್ಮಿನಲ್ಲಿ ಒಂದು ಸೆಕೆಂಡಿಗೆ ತುಸು ಮೀರಿದ ಹಾಡೊಂದಿದೆ. ಚುಟುಕವೆಂದು ಅದನ್ನು ಮೆಚ್ಚಬಲ್ಲೆ. ಪವರ್‌ವಯಲೆನ್ಸ್ ಎಂಬ ಕವಲಿನಲ್ಲಿ ಒಂದು ತಂಡವನ್ನು ಇನ್ನೊಂದರಿಂದ ಬೇರ್ಪಡಿಸುವುದು ನನ್ನ ಕಿವಿಗೆ ಸಾಧ್ಯವಾಗಿಲ್ಲ. ಸ್ವೀಡನ್ನಿನ ರೆಫ್ಯೂಸ್ಡ್ ತಂಡದ 1998ರ ಆಲ್ಬಂ, ಆರ್ನೆಟ್ ಕೋಲ್ಮನ್ನನ 1959ರ ಜಾಜ್ ಆಲ್ಬಮ್ಮಿನ ಹೆಸರನ್ನು ತುಸು ತಿರುಚಿಟ್ಟುಕೊಂಡದ್ದು, ಇಂದಿಗೂ ನನಗೆ ಹೊಸದೆನಿಸುತ್ತದೆ.

ಈ ಪಟ್ಟಿಯನ್ನು ನನ್ನ ಅಕ್ಕನ ಮಗನಿಗೆ ಹೇಳಿದೆ. ಅವನು ಹದಿನೈದು ವರ್ಷಗಳಿಂದ ಈ ಸಂಗೀತದಲ್ಲೇ ಮುಳುಗಿರುವವನು. ಸಮಾಧಾನದಿಂದಲೇ ಕೇಳಿ, "ಮಾವ, ನೀವು ಮೆಚ್ಚಿರೋದೆಲ್ಲ ಹೊರಗಿನವರು ಮೆಚ್ಚೋವಂಥವೇ. ಗೋಪುರ ನೋಡಿಕೊಂಡು ಬಂದು ಗರ್ಭಗುಡಿಯ ವಿಷಯ ಮಾತಾಡಬಾರದು" ಎಂದ.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಮ್ಮ ಅಭಿನವಗುಪ್ತನೂ ಹೆಚ್ಚುಕಡಮೆ ಅವನ ಪಕ್ಷವೇ. ಸಹೃದಯನೆಂದರೆ ಯಾರೋ ಒಬ್ಬನಲ್ಲ; ಕಾವ್ಯದ ಸತತ ಪರಿಶೀಲನೆಯಿಂದ ಮನಸ್ಸನ್ನು ಕನ್ನಡಿಯಂತೆ ತಿಳಿಗೊಳಿಸಿಕೊಂಡವನು. ನಾನೇ ವಿದ್ಯಾರ್ಥಿಗಳಿಗೆ ಇದನ್ನು ವರ್ಷವರ್ಷವೂ ಹೇಳುತ್ತೇನೆ. ಒಂದು ಪದ್ಯ ಓದಿ ಪಂಪನನ್ನು ತೂಗಹೊರಟವನನ್ನು ಗದರಿಸುತ್ತೇನೆ. ಆದರೆ ಆ ಲಕ್ಷಣಕ್ಕೆ ಇನ್ನೊಂದು ಅರ್ಧವಿದೆ. ಹಾಗೆ ತಿಳಿಯಾದ ಮನಸ್ಸು ಎದುರಿಗಿರುವುದರೊಡನೆ ತನ್ಮಯವಾಗಬಲ್ಲದ್ದಾಗಿರಬೇಕು. ಅಭ್ಯಾಸ ಅದಕ್ಕೆ ಸಾಧನ. ಕಾವಲುಗಾರರಾದ ರಸಿಕರು ಸಾಧನವನ್ನು ಹಿಡಿದುಕೊಂಡು ಸಾಧ್ಯವನ್ನು ಮರೆಯುತ್ತಾರೆ. ಕನ್ನಡಿ ಒರೆಸಿದ ವರ್ಷಗಳನ್ನು ಎಣಿಸುತ್ತ ಕುಳಿತವನು ಅದರಲ್ಲಿ ಏನು ಕಾಣುತ್ತಿದೆ ಎಂದು ನೋಡುವುದನ್ನೇ ಬಿಡಬಹುದು.

ಇಲ್ಲಿಗೆ ನೀತಿಯ ಪ್ರಶ್ನೆ ಬಂತು. ಅದನ್ನು ಈ ಸಂಗೀತದ ಚರಿತ್ರೆಯೇ ಚೆನ್ನಾಗಿ ಹೇಳುತ್ತದೆ. ಟೀನ್ ಐಡಲ್ಸ್ ಚದುರಿದ ಮೇಲೆ ಅದರಲ್ಲಿದ್ದ ಇಯಾನ್ ಮೆಕೈ ಎಂಬ ತರುಣ ಮೈನರ್ ಥ್ರೆಟ್ ಎಂಬ ತಂಡವನ್ನು ಕಟ್ಟಿದ. ಆ ತಂಡದ ಬಾಳು ಮೂರು ವರ್ಷ. ಇಡೀ ಕೃತಿ ಒಂದು ಗಂಟೆಯೊಳಗೆ ಕೇಳಿ ಮುಗಿಯುತ್ತದೆ. 1981ರಲ್ಲಿ ಅವರು ಒಂದು ನಿಮಿಷಕ್ಕೂ ಕಡಿಮೆಯ 'ಸ್ಟ್ರೇಟ್ ಎಡ್ಜ್' ಎಂಬ ಹಾಡು ಹಾಡಿದರು. ನಾನು ಕುಡಿಯುವುದಿಲ್ಲ, ಮಾದಕ ಪದಾರ್ಥ ಸೇವಿಸುವುದಿಲ್ಲ, ನನಗೆ ಮಾಡಲು ಬೇರೆ ಕೆಲಸವಿದೆ ಎಂಬುದು ಅದರ ತಾತ್ಪರ್ಯ. ಕುಡಿತದ ಕ್ಲಬ್ಬುಗಳಲ್ಲಿ ಅಪ್ರಾಪ್ತ ವಯಸ್ಸಿನವರ ಕೈಮೇಲೆ ಗುರುತಿಗೆಂದು ಹಾಕುತ್ತಿದ್ದ ಕಪ್ಪು ಗೀಟನ್ನು ಹುಡುಗರು ಅಭಿಮಾನದ ಚಿಹ್ನೆಯಾಗಿ ಮಾಡಿಕೊಂಡರು. ಒಬ್ಬನು ತನಗೆ ತಾನೇ ಎಳೆದುಕೊಂಡ ಗೆರೆ ಅದು. 1983ರಲ್ಲಿ 'ಔಟ್ ಆಫ್ ಸ್ಟೆಪ್' ಹಾಡನ್ನು ಮತ್ತೆ ಧ್ವನಿಮುದ್ರಿಸಿದಾಗ, ಇದು ಯಾರಿಗೂ ವಿಧಿಸುವ ನಿಯಮವಲ್ಲ ಎಂಬರ್ಥದ ಮಾತನ್ನು ಹಾಡಿನ ನಡುವೆಯೇ ಸೇರಿಸಿದರು. ಆದರೂ ಗೆರೆ ಬೇಲಿಯಾಯಿತು. 1990ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯಂಥ ಊರಿನಲ್ಲಿ ಕೆಲವರು ಈ ವ್ರತದ ಹೆಸರಿನಲ್ಲಿ ಕುಡಿಯುವವರನ್ನೂ ಸೇದುವವರನ್ನೂ ಹಿಡಿದು ಹೊಡೆದರು. ಪೋಲೀಸರು ಅವರನ್ನು ಪುಂಡರ ಗುಂಪಿನ ಲೆಕ್ಕಕ್ಕೆ ಸೇರಿಸಿದರು.

ತನ್ನನ್ನು ತಿದ್ದಿಕೊಳ್ಳಲು ಎಳೆದ ಗೆರೆ ಪರರನ್ನು ಅಳೆಯುವ ಕೋಲಾದಾಗ ಅದರಲ್ಲಿದ್ದ ಒಳ್ಳೆಯದು ಹೋಗಿಬಿಡುತ್ತದೆ. ಅಭಿರುಚಿಯ ಪ್ರಪಂಚದಲ್ಲಿಯೂ ನಡೆಯುವುದು ಇದೇ, ಹೊಡೆತ ಮಾತ್ರ ಇಲ್ಲ. ಕವಲುಗಳ ಹೆಸರುಗಳು ಹುಟ್ಟಿದ್ದು ದಾರಿ ತೋರಿಸಲು. ಬರಬರುತ್ತ ಅವು ತಡೆಗೋಲುಗಳಾಗುತ್ತವೆ. 1985ರಲ್ಲಿ ವಾಷಿಂಗ್‌ಟನ್ನಿನ ರೈಟ್ಸ್ ಆಫ್ ಸ್ಪ್ರಿಂಗ್ ಮೊದಲಾದ ತಂಡಗಳು ಕಚೇರಿಗಳಲ್ಲಿ ಬೆಳೆದಿದ್ದ ಹೊಡೆದಾಟಕ್ಕೆ ಬೇಸತ್ತು, ಸಿಟ್ಟಿನ ಜೊತೆಗೆ ಅಳಲನ್ನೂ ಹಾಡಿದವು. ಅದಕ್ಕೆ 'ಭಾವುಕ ಹಾರ್ಡ್‌ಕೋರ್' ಎಂಬ ಹಣೆಪಟ್ಟಿ ಬಿತ್ತು. ಇಮೋ ಎಂಬುದು ಅದರ ಮೊಟಕು. ಹಾಡಿದವರು ಆ ಹೆಸರನ್ನು ಒಪ್ಪಲಿಲ್ಲ. ಭಾವವಿಲ್ಲದ ಹಾಡೊಂದು ಬೇರೆ ಇದೆಯೆ?

ಹಾಗೆಂದ ಮಾತ್ರಕ್ಕೆ ದಾರಿಹೋಕನು ನಿರ್ದೋಷಿಯಲ್ಲ. ಅವನಿಗೂ ಒಂದು ಋಣವಿದೆ. ಹಳೆಯ ವ್ಯಾನಿನಲ್ಲಿ ಊರೂರು ಅಲೆದು, ನೆಲದ ಮೇಲೆ ಮಲಗಿ, ಕೈಯಿಂದ ಹಣ ಹಾಕಿ ರೆಕಾರ್ಡು ಮಾಡಿಸಿದವರಿಲ್ಲದಿದ್ದರೆ ನನ್ನ ಬಸ್ಸಿಗೆ ಈ ಸಂಗೀತ ಬರುತ್ತಿರಲಿಲ್ಲ. ನಾನು ಪುಕ್ಕಟೆಯಾಗಿ ಪಡೆದದ್ದಕ್ಕೆ ಮತ್ತಾರೋ ಯೌವನವನ್ನು ತೆತ್ತಿದ್ದಾರೆ. ಆದುದರಿಂದ ಪವರ್‌ವಯಲೆನ್ಸ್ ನನಗೆ ಹಿಡಿಸಲಿಲ್ಲ ಎನ್ನುವ ಹಕ್ಕು ನನಗಿದೆ. ಅದರಲ್ಲಿ ಏನೂ ಇಲ್ಲ ಎನ್ನುವ ಹಕ್ಕಿಲ್ಲ. ಮೊದಲನೆಯದು ರುಚಿ, ಎರಡನೆಯದು ತೀರ್ಪು. ಊಟಕ್ಕೆ ಬಂದ ನೆಂಟನು ಸಾರಿಗೆ ಉಪ್ಪು ಕಡಿಮೆಯೆಂದು ಹೇಳಬಹುದು. ಈ ಮನೆಯವರಿಗೆ ಅಡಿಗೆಯೇ ಬರುವುದಿಲ್ಲವೆಂದು ಸಾರಿಕೊಂಡು ಹೋಗಬಾರದು. ಹಾಗೆಯೇ ಬಡಿಸುವವರೂ ಎಲೆ ಹಾಕುವ ಮುನ್ನ ನೆಂಟನಿಗೆ ಪಾಕಶಾಸ್ತ್ರದ ಪರೀಕ್ಷೆ ಮಾಡಬಾರದು.

ಮೈನರ್ ಥ್ರೆಟ್ ಮುಗಿದ ಮೇಲೆ ಅದೇ ಮೆಕೈ ಮತ್ತು ಕೆಲವರು ಫ್ಯುಗಾಜಿ ಎಂಬ ತಂಡ ಕಟ್ಟಿದರು. ಟಿಕೆಟ್ಟಿನ ಬೆಲೆಯನ್ನು ಸಾಮಾನ್ಯವಾಗಿ 5 ಡಾಲರಿಗೇ ನಿಲ್ಲಿಸಿ, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿಡಲು ಹೆಣಗಿದರು. ಗುಂಪಿನಲ್ಲಿ ಯಾರಾದರೂ ಪಕ್ಕದವರನ್ನು ನೋಯಿಸುತ್ತಿದ್ದರೆ ಹಾಡನ್ನು ನಡುವೆಯೇ ನಿಲ್ಲಿಸಿ, ಅವನ ಹಣವನ್ನು ಹಿಂದಕ್ಕೆ ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ನಮ್ಮ ತಂಡದ ಎಷ್ಟು ಆಲ್ಬಂ ಕೇಳಿದ್ದೀಯೆ ಎಂದು ಬಾಗಿಲಲ್ಲಿ ಅವರು ಯಾರನ್ನೂ ಕೇಳಿದಂತೆ ಕಾಣೆ.