ನಮ್ಮ ಕಥೆಯನ್ನು ನೆರೆಯವರು ಹೇಳಿದಾಗ



ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿ ನಡೆಸುವಾಗ ಐದನೆಯ ಸ್ಥಳದಲ್ಲಿ ನಾವು ಒಬ್ಬ ದಾರಿಹೋಕನನ್ನು ಕಾಣುತ್ತೇವೆ. ಆತ ಸಿರೇನೆಯ ಸಿಮೋನ. ಯೇಸುವಿನ ಹಿಂಬಾಲಕನಾಗಿ ಅಲ್ಲಿಗೆ ಬಂದವನಲ್ಲ. ತನ್ನ ಪಾಡಿಗೆ ಊರಿನೊಳಕ್ಕೆ ಬರುತ್ತಿದ್ದವನ ಹೆಗಲಿಗೆ ಸೈನಿಕರು ಶಿಲುಬೆ ಹೊರಿಸಿದರು. ಇನ್ನೂ ಸ್ವಲ್ಪ ಹೊತ್ತಿನಲ್ಲಿ ಶಿಲುಬೆಯ ಬುಡದಲ್ಲಿ ನಿಂತು ಯೇಸುಸ್ವಾಮಿ ಯಾರೆಂದು ಬಾಯಿಬಿಟ್ಟು ಹೇಳಿದವನು ರೋಮಿನ ಶತಾಧಿಪತಿ. ಅವನೂ ಹೊರಗಿನವನೇ. ಆ ಹೊತ್ತಿಗೆ ಶಿಷ್ಯರಲ್ಲಿ ಹೆಚ್ಚಿನವರು ಎಲ್ಲಿದ್ದರು ಎಂಬುದನ್ನು ನಾನು ನಿಮಗೆ ನೆನಪಿಸಬೇಕಾಗಿಲ್ಲ.

ಈ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ವಿಶ್ವಾಸಕ್ಕೆ ಸೇರದವನೊಬ್ಬ ನಮ್ಮ ವಿಶ್ವಾಸದ ಅತ್ಯಂತ ಒಳಗಿನ ಕಥೆಯನ್ನು ಪ್ರಾಮಾಣಿಕವಾಗಿ ಹೇಳಬಲ್ಲನೇ? ಹೇಳಿದರೆ ನಾವು ಅದನ್ನು ಹೇಗೆ ಸ್ವೀಕರಿಸಬೇಕು? ಕೇವಲ ತರ್ಕಕ್ಕಾಗಿ ಕೇಳುತ್ತಿಲ್ಲ. ನಮ್ಮ ಉದ್ಯಾವರದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಸಿಗುವ ಮಂಜೇಶ್ವರದಲ್ಲಿ ಒಬ್ಬರು ಇದನ್ನು ನಿಜವಾಗಿಯೂ ಮಾಡಿದ್ದಾರೆ. ಅವರೇ ಕವಿ ಎಂ. ಗೋವಿಂದ ಪೈ.

ಶಾಲೆಯ ಪಾಠದಲ್ಲಿ ಅವರ ಹೆಸರನ್ನು ಓದಿದ್ದೀರಿ. 1883ರಲ್ಲಿ ಹುಟ್ಟಿದ ಇವರಿಗೆ 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1963ರಲ್ಲಿ ತೀರಿಕೊಂಡರು. ಆದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಇಸವಿಗಳ ಹಿಂದೆ ಇರುವ ಮನುಷ್ಯನನ್ನು ನಮ್ಮಲ್ಲಿ ಬಹಳ ಮಂದಿ ನೋಡಿದಂತಿಲ್ಲ. 1937ರಲ್ಲಿ ಅವರ ಒಂದು ಖಂಡಕಾವ್ಯ ಪ್ರಕಟವಾಯಿತು. ಅದರ ಹೆಸರು 'ಗೊಲ್ಗೊಥಾ'. ಯೇಸುಕ್ರಿಸ್ತರ ಕೊನೆಯ ದಿನವೇ ಅದರ ವಸ್ತು. ಬರೆದವರು ಗೌಡ ಸಾರಸ್ವತ ಬ್ರಾಹ್ಮಣರು. ಹಿಂದೂವಾಗಿಯೇ ಬಾಳಿದರು, ಹಿಂದೂವಾಗಿಯೇ ತೀರಿಕೊಂಡರು.

ಇವರು ಕವಿ ಮಾತ್ರವಲ್ಲ, ಅನುವಾದಕರೂ ಹೌದು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು ಮತ್ತು ಮಲಯಾಳ, ಬರವಣಿಗೆಗೆ ಕನ್ನಡ. ಇವಲ್ಲದೆ ಸಂಸ್ಕೃತ, ಬಂಗಾಳಿ, ಪಾಲಿಯಿಂದ ಹಿಡಿದು ಯುರೋಪಿನ ಭಾಷೆಗಳವರೆಗೆ ಅವರು ಕಲಿತ ಭಾಷೆಗಳ ಪಟ್ಟಿ ದೊಡ್ಡದು. ಜಪಾನಿನ ನೋ ನಾಟಕಗಳನ್ನು ಅವರು ಕನ್ನಡಕ್ಕೆ ತಂದರು. ಪರ್ಷಿಯಾದ ಉಮರ್ ಖಯ್ಯಾಮನನ್ನೂ ತಂದರು. ಜೈನರ ಗೊಮ್ಮಟನನ್ನು ಹಾಡಿದರು. ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಎಂಬ ಕಾವ್ಯ ಬರೆದರು. ಶ್ರೀಕೃಷ್ಣನ ಮತ್ತು ಗಾಂಧೀಜಿಯ ಕೊನೆಯ ದಿನಗಳ ಬಗ್ಗೆಯೂ ಹೀಗೆಯೇ ಬರೆಯಬೇಕೆಂದಿದ್ದರು, ಅವು ಪೂರ್ಣವಾಗಲಿಲ್ಲ. ಒಬ್ಬ ಮಹಾತ್ಮನ ಬದುಕಿನ ಪವಾಡಗಳನ್ನಾಗಲಿ, ಹುಟ್ಟಿನ ವೈಭವವನ್ನಾಗಲಿ ಅಲ್ಲ, ಸಾವಿನ ದಿನವನ್ನೇ ಅವರು ಮತ್ತೆ ಮತ್ತೆ ಆರಿಸಿಕೊಂಡರು ಎಂಬುದನ್ನು ಗಮನಿಸಿ. ಸಾಯುವ ದಿನ ಮನುಷ್ಯ ಯಾರಿಗೂ ನಟಿಸಲಾರ ಎಂಬ ಕಾರಣವೋ ಏನೋ.

ಕಾವ್ಯದ ದ್ವಿತೀಯಾಕ್ಷರ ಪ್ರಾಸವನ್ನು ಅವರು 1911ರಲ್ಲಿ ಬಿಟ್ಟರು. ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಸಾವಿರ ವರ್ಷದ ಕಟ್ಟಳೆಯನ್ನು ಮುರಿದಂತೆ. ಪ್ರಾಸವಿಲ್ಲದೆ ಅವರು ಬರೆದ ಮೊದಲ ಕವಿತೆ ಯಾವುದು ಗೊತ್ತೇ? 'ಹೊಲೆಯನು ಯಾರು' ಎಂಬುದು. ಯಾರು ಮುಟ್ಟಲು ತಕ್ಕವರು, ಯಾರು ಅಲ್ಲ ಎಂಬ ಕಟ್ಟಳೆಯನ್ನು ಪ್ರಶ್ನಿಸುವ ಕವಿತೆಯೂ, ಛಂದಸ್ಸಿನ ಕಟ್ಟಳೆಯನ್ನು ಕಳಚಿದ ಕವಿತೆಯೂ ಒಂದೇ ಆದದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಈಗ ಸ್ವಲ್ಪ ಕಹಿಯಾದ ಚರಿತ್ರೆಗೆ ಬರೋಣ. ಗೋವಿಂದ ಪೈಗಳ ಸಮಾಜದವರು ಈ ಕರಾವಳಿಗೆ ಬಂದದ್ದು ಎಲ್ಲಿಂದ? ಬಹುಪಾಲು ಗೋವೆಯಿಂದ. ಯಾಕೆ ಬಂದರು? 1540ರಿಂದ 1560ರ ದಶಕದವರೆಗೆ ಪೋರ್ಚುಗೀಸರ ಆಡಳಿತದಲ್ಲಿ ಗೋವೆಯ ದೇವಸ್ಥಾನಗಳನ್ನು ಕೆಡವಲಾಯಿತು. ತಮ್ಮ ದೇವರನ್ನು ಹೊತ್ತುಕೊಂಡು ಹೊಳೆ ದಾಟಿ ಹೋದವರಲ್ಲಿ ಅನೇಕರು ದಕ್ಷಿಣಕ್ಕೆ ಬಂದು ಮಂಗಳೂರು, ಮಂಜೇಶ್ವರ, ಕೊಚ್ಚಿಯವರೆಗೂ ನೆಲೆಸಿದರು. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಜಿಶನ್ ನ್ಯಾಯಮಂಡಳಿ ಸ್ಥಾಪನೆಯಾಯಿತು, ಕೊನೆಯಾದದ್ದು 1812ರಲ್ಲಿ. 1684ರಲ್ಲಂತೂ ಕೊಂಕಣಿ ಭಾಷೆಯನ್ನೇ ಅಡಗಿಸಲು ಅಪ್ಪಣೆ ಹೊರಟಿತು. ಇದೆಲ್ಲ ನಡೆದದ್ದು ಶಿಲುಬೆಯ ಗುರುತಿನ ಕೆಳಗೆ. ಓದಲು ನಮಗೆ ಕಷ್ಟವಾಗುತ್ತದೆ, ಆದರೂ ಓದಬೇಕು.

ನಮ್ಮ ಹಿರಿಯರೂ ಗೋವೆಯಿಂದ ಬಂದವರೇ ಅಲ್ಲವೇ? ಕ್ಷಾಮ, ರೋಗ, ಮರಾಠರ ದಾಳಿ, ತೆರಿಗೆ ಒಂದು ಕಡೆ. ಹಳೆಯ ಪದ್ಧತಿಗಳನ್ನು ಉಳಿಸಿಕೊಂಡರೆಂದು ಅದೇ ನ್ಯಾಯಮಂಡಳಿಯ ಭಯ ಇನ್ನೊಂದು ಕಡೆ. ಅಂದಮೇಲೆ ಪೈಗಳ ಮನೆಯವರೂ ನಮ್ಮ ಮನೆಯವರೂ ಒಂದೇ ಹಳ್ಳಿಗಳಿಂದ ಬೇರೆ ಬೇರೆ ದೋಣಿಗಳಲ್ಲಿ ಹೊರಟವರು. ಮನೆಯೊಳಗೆ ಇಬ್ಬರೂ ಆಡುವುದು ಕೊಂಕಣಿ. ಕೆಲವು ಮನೆತನಗಳಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಹೋಗಿರಲೂಬಹುದು.

ಹೀಗೆ ಯೋಚಿಸಿದಾಗಲೇ 'ಗೊಲ್ಗೊಥಾ'ದ ತೂಕ ತಿಳಿಯುವುದು. ಗೋವೆಯ ಕಥೆ ಚರಿತ್ರೆಕಾರರಾದ ಪೈಗಳಿಗೆ ತಿಳಿಯದ್ದಲ್ಲ. ಅವರು ಕವಿತೆಗಿಂತ ಹೆಚ್ಚು ಹೊತ್ತು ಶಾಸನಗಳ ಜೊತೆ ಕಳೆದವರು. ತುಳುನಾಡಿನ ಚರಿತ್ರೆ, ಒಂದು ಕಾಲಕ್ಕೆ ನಮ್ಮ ಉದ್ಯಾವರವನ್ನೇ ರಾಜಧಾನಿ ಮಾಡಿಕೊಂಡಿದ್ದ ಆಳುಪ ಅರಸರ ಚರಿತ್ರೆ ಅವರಿಗೆ ಕರತಲಾಮಲಕ. ಶಿಲುಬೆಯನ್ನು ಹಿಡಿದು ಬಂದವರು ತಮ್ಮವರನ್ನು ಏನು ಮಾಡಿದರೆಂದು ತಿಳಿದ ಮನುಷ್ಯ, ಶಿಲುಬೆಗೆ ಜಡಿಸಿಕೊಂಡವನನ್ನು ಅವರಿಂದ ಬೇರೆ ಮಾಡಿ ನೋಡಿದರು. ಹಿಡಿದವರ ಪಾಪವನ್ನು ಹೊತ್ತವನ ಮೇಲೆ ಹೊರಿಸಲಿಲ್ಲ. ಇದು ಸುಲಭದ ವಿವೇಕವೇ? ನಮಗೆ ಯಾರಾದರೂ ಒಂದು ಕೆಡುಕು ಮಾಡಿದರೆ ಅವರ ಜಾತಿ, ಮತ, ದೇವರು, ಹಬ್ಬ ಎಲ್ಲವೂ ಒಮ್ಮೆಲೇ ನಮಗೆ ಕಹಿಯಾಗುವುದು ನಮ್ಮ ದಿನನಿತ್ಯದ ಅನುಭವ.

ಇಲ್ಲಿ ನಿಮ್ಮಲ್ಲೊಬ್ಬರು ಎದ್ದುನಿಂತು ಕೇಳಬಹುದು: "ಅಷ್ಟು ಪ್ರೀತಿಯಿದ್ದರೆ ಅವರು ಯಾಕೆ ದೀಕ್ಷಾಸ್ನಾನ ಪಡೆಯಲಿಲ್ಲ?" ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಅದರೊಳಗೆ ಒಂದು ವ್ಯಾಪಾರದ ವಾಸನೆ ಇದೆ ಎಂದು ಹೇಳಲೇಬೇಕು. ನಮ್ಮ ತಂದೆಯ ಗುಣವನ್ನು ಮೆಚ್ಚಿ ಮಾತಾಡಿದ ನೆರೆಯವನಿಗೆ "ಹಾಗಾದರೆ ನಮ್ಮ ಮನೆಗೇ ಬಂದು ಇರು" ಎನ್ನುತ್ತೇವೆಯೇ? ವಿಶ್ವಾಸ ದೇವರ ವರದಾನ ಎಂದು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ವರದಾನದ ಲೆಕ್ಕವನ್ನು ಕೊಟ್ಟವನೇ ಇಡಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಾವ್ಯದ ಹರವು ಒಂದೇ ದಿನದ್ದು. ನಮ್ಮ ವಿಶ್ವಾಸವಾದರೋ ಮೂರನೆಯ ದಿನದ ಮೇಲೆ ನಿಂತಿದೆ. ಪುನರುತ್ಥಾನವನ್ನು ಒಪ್ಪದವನಿಗೆ ಯೇಸು ಒಬ್ಬ ಮಹಾತ್ಮ, ಬುದ್ಧ ಗಾಂಧಿಯರ ಸಾಲಿನಲ್ಲಿ ಇನ್ನೊಬ್ಬ, ಅಷ್ಟೇ ತಾನೆ? ಹೌದು, ಈ ವ್ಯತ್ಯಾಸ ನಿಜವಾದದ್ದು. ಸೌಜನ್ಯಕ್ಕಾಗಿ ಅದನ್ನು ಮುಚ್ಚಿಡುವುದು ಸರಿಯಲ್ಲ. 'ಗೊಲ್ಗೊಥಾ' ಶುಭಸಂದೇಶವಲ್ಲ, ಅದರ ಜಾಗಕ್ಕೆ ಬರಲಾರದು. ಆದರೂ ಇಷ್ಟು ಹೇಳುತ್ತೇನೆ: ಶುಭ ಶುಕ್ರವಾರದ ನೋವಿನಲ್ಲಿ ನಿಲ್ಲದೆ ನೇರವಾಗಿ ಪಾಸ್ಖ ಹಬ್ಬದ ಊಟಕ್ಕೆ ಹಾರುವವರು ನಮ್ಮಲ್ಲೇ ಇದ್ದಾರೆ. ಆ ಒಂದು ದಿನದಲ್ಲಿ ನಿಲ್ಲುವುದು ಹೇಗೆಂದು ಹೊರಗಿನವರಿಂದ ಕಲಿತರೆ ನಷ್ಟವೇನೂ ಇಲ್ಲ. ಶತಾಧಿಪತಿ ನಿಂತದ್ದೂ ಅಷ್ಟರವರೆಗೇ.

ಇದೇ ಜಾಡಿನಲ್ಲಿ ದೂರದ ಐರ್ಲೆಂಡಿನ ಒಂದು ಮಾತು ನೆನಪಾಗುತ್ತದೆ. ಐರಿಶ್ ಕವಿ ಶೇಮಸ್ ಹೀನಿಯವರಿಗೆ 1995ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 2013ರಲ್ಲಿ ಅವರು ತೀರಿಕೊಂಡರು. ಉತ್ತರ ಐರ್ಲೆಂಡಿನ ಕಥೋಲಿಕ ರೈತ ಕುಟುಂಬದಲ್ಲಿ ಹುಟ್ಟಿದವರು. ಇಂಗ್ಲಿಷರ ಆಳ್ವಿಕೆಯಲ್ಲಿ ಅವರ ನಾಡಿನ ಬಹುಭಾಗ ತನ್ನ ಮಾತನ್ನೇ ಕಳೆದುಕೊಂಡಿತು. ಅಂಥವರು ಇಂಗ್ಲಿಷಿನ ಅತ್ಯಂತ ಹಳೆಯ ಮಹಾಕಾವ್ಯವಾದ 'ಬಿಯೊವುಲ್ಫ್' ಅನ್ನು ಹೊಸ ಇಂಗ್ಲಿಷಿಗೆ ಅನುವಾದಿಸಿ 1999ರಲ್ಲಿ ಪ್ರಕಟಿಸಿದರು. ಆಳಿದವರ ಮೂಲ ಕಾವ್ಯ ತನಗೇಕೆ ಎಂದು ಅವರು ಕೈಬಿಡಬಹುದಿತ್ತು. ಆದರೆ ಆ ಹಳೆಯ ಇಂಗ್ಲಿಷಿನಲ್ಲಿ ಅವರಿಗೆ ಒಂದು ಪದ ಸಿಕ್ಕಿತು. ಸಹಿಸಿಕೋ, ತಡೆದುಕೋ ಎಂಬ ಅರ್ಥದ 'ಥೋಲ್' ಎಂಬ ಕ್ರಿಯಾಪದ. ಪುಸ್ತಕದ ಪದವೆಂದು ನೋಡಿದರೆ, ಅದು ತನ್ನ ಅತ್ತೆ ಚಿಕ್ಕಮ್ಮಂದಿರ ಕಾಲದ ಹಳ್ಳಿಯ ಮಾತಿನಲ್ಲಿ ಆಗಲೇ ಇತ್ತು! ಪರಕೀಯರದೆಂದು ತಿಳಿದ ಕಾವ್ಯದಲ್ಲಿ ತನ್ನ ಮನೆಯವರ ದನಿ ಕೇಳಿಸಿದ ಮೇಲೆ ಬಾಗಿಲು ತೆರೆಯಿತು. (ನಮ್ಮ 'ತಾಳು' ಎಂಬುದು ಕಿವಿಗೂ ಅರ್ಥಕ್ಕೂ ಈ 'ಥೋಲ್'ಗೆ ಹತ್ತಿರ. ಎರಡಕ್ಕೂ ಸಂಬಂಧವಿಲ್ಲ, ಆದರೂ ಖುಷಿಯಾಗುತ್ತದೆ.)

ಗೋವಿಂದ ಪೈಗಳಿಗೆ ಅಂಥ ದನಿ ಯೇಸುವಿನ ಕಥೆಯಲ್ಲಿ ಎಲ್ಲಿ ಕೇಳಿಸಿತೋ ನಾವು ಊಹಿಸಬೇಕು, ಅಷ್ಟೇ. ಅನ್ಯಾಯದ ವಿಚಾರಣೆ, ಕೈತೊಳೆದುಕೊಳ್ಳುವ ಅಧಿಕಾರಿ, ಕೂಗುವ ಗುಂಪು, ಅದರ ನಡುವೆ ತಾಳಿಕೊಂಡ ಒಬ್ಬ: ಇದು ಪರದೇಶದ ಕಥೆ ಎಂದು ಯಾವ ಊರಿನವರೂ ಹೇಳಲಾರರು.

ನ್ಯಾಯವಾಗಿ ಹೇಳಬೇಕಾದರೆ, ನಮ್ಮ ಕಡೆಯಿಂದಲೂ ಹೊಸಿಲು ದಾಟಿದವರು ಇದ್ದರು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್, ಹಳೆಯ ಪುರಾಣಗಳನ್ನು ಬಿಟ್ಟುಬಂದ ಜನರ ಹಸಿವನ್ನು ಕಂಡರು. ಮರಾಠಿ ಕೊಂಕಣಿ ಬೆರೆತ ಮಾತಿನಲ್ಲಿ, ಸ್ಥಳೀಯ ಸಂತರು ಬಳಸುತ್ತಿದ್ದ ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳ 'ಕ್ರಿಸ್ತಪುರಾಣ' ಬರೆದರು. ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. 1907ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿ ಉಳಿಸಿದ್ದು ನಮ್ಮ ಮಂಗಳೂರು. ದೇವಸ್ಥಾನಗಳು ಬಿದ್ದ ಅದೇ ಗೋವೆಯಲ್ಲಿ, ಆ ಜನರ ಹಾಡಿನ ಧಾಟಿ ಕೆಡದಂತೆ ಒಬ್ಬ ವಿದೇಶಿ ಗುರು ಕಾಪಾಡಿದರು. ಆದರೆ ಸ್ಟೀಫನ್ಸರು ತಮ್ಮ ಕಥೆಯನ್ನು ಬೇರೆಯವರ ಮಾತಿನಲ್ಲಿ ಹೇಳಿದರು. ಪೈಗಳು ಬೇರೆಯವರ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಿದರು. ಎರಡನೆಯದು ಹೆಚ್ಚು ಕಷ್ಟದ್ದೆಂದು ನನ್ನ ಅಭಿಪ್ರಾಯ. ಮೊದಲನೆಯವರಿಗೆ ತಮ್ಮ ಸಭೆಯ ಬೆಂಬಲವಾದರೂ ಇತ್ತು. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಗೌರವಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ 'ಗೊಲ್ಗೊಥಾ' ಬಂದು 28 ವರ್ಷ ಕಳೆದಿತ್ತು, ಕವಿ ತೀರಿಕೊಂಡು ಎರಡು ವರ್ಷವಾಗಿತ್ತು.

ಈಗ ಊಟದ ಮೇಜಿಗೆ ಬರೋಣ. ನೆರೆಯವರ ಭೂತಕೋಲದ ಬಗ್ಗೆ, ನಾಗಾರಾಧನೆಯ ಬಗ್ಗೆ, ಮಸೀದಿಯ ಬಾಂಗಿನ ಬಗ್ಗೆ ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ಏನು ಮಾತಾಡುತ್ತೇವೆ? ಅರ್ಧ ತಿಳಿದದ್ದು, ಯಾರೋ ಹೇಳಿದ್ದು, ನಗೆಚಾಟಿಕೆ. ನಮ್ಮ ಪರಮಪ್ರಸಾದದ ಬಗ್ಗೆ ಅವರ ಮನೆಗಳಲ್ಲಿ ಇಂಥದೇ ಮಾತು ನಡೆದರೆ ನಮಗೆ ಎಷ್ಟು ನೋವು! ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆಯನ್ನು ನಾವು ಕೋರ್ಟು ಕಚೇರಿಗೆ, ಆಸ್ತಿ ಜಗಳಕ್ಕೆ ಮೀಸಲಿಟ್ಟಿದ್ದೇವೆ. ನೆರೆಯವನ ದೇವರ ಕುರಿತು ಆಡಿದ ಸುಳ್ಳು ಈ ಆಜ್ಞೆಯ ಹೊರಗೆ ಹೇಗೆ ಉಳಿದೀತು? ಪಾಪನಿವೇದನೆಯಲ್ಲಿ ಇದನ್ನು ಹೇಳುವವರು ಎಷ್ಟು ಮಂದಿಯೋ!

ಅನುವಾದಕನ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಮೂಲದವನು ಹೇಳದ್ದನ್ನು ಅವನ ಬಾಯಿಗೆ ತುರುಕುವಂತಿಲ್ಲ. ಅವನು ಹೇಳಿದ್ದು ತನಗೆ ಹಿಡಿಸದಿದ್ದರೂ ಬಿಡುವಂತಿಲ್ಲ. ಪುಸ್ತಕ ಬರೆಯದ ನಮಗೂ ಈ ಕಟ್ಟುನಿಟ್ಟು ಬೇಕಾಗುತ್ತದೆ. ನೆರೆಯವನ ನಂಬಿಕೆಯನ್ನು ಮಗುವಿಗೆ ವಿವರಿಸುವ ಪ್ರತಿಯೊಬ್ಬ ತಾಯಿಯೂ ಆ ಗಳಿಗೆಯಲ್ಲಿ ಅನುವಾದಕಿಯೇ. ನೆರೆಯಾಕೆ ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡರೂ "ಹೌದು, ಸರಿಯಾಗಿಯೇ ಹೇಳಿದಿರಿ" ಎನ್ನುವಂತೆ ಇರಬೇಕು ಆ ವಿವರಣೆ. ಒಪ್ಪಬೇಕೆಂದಿಲ್ಲ. ಪೈಗಳು ನಮ್ಮದನ್ನು ಪೂರ್ತಿ ಒಪ್ಪದೆಯೂ ಗೌರವದಿಂದ ಹೇಳಿದರಲ್ಲ!

ಮಂಜೇಶ್ವರದಲ್ಲೂ ಒಂದು ಉದ್ಯಾವರ ಇದೆ ಎಂಬುದು ನಮ್ಮ ಊರಿನ ಎಷ್ಟೋ ಮಂದಿಗೆ ಗೊತ್ತಿಲ್ಲ. ಅಲ್ಲಿನ ದೈವಸ್ಥಾನದ ಜಾತ್ರೆಗೆ ಮುಂಚೆ ದೈವದ ಪಾತ್ರಿಗಳು ಮಸೀದಿಗೆ ಹೋಗಿ ಕರೆ ಕೊಟ್ಟು ಬರುವ ಪದ್ಧತಿ ಇದೆ. ಪೈಗಳು ಬಾಳಿದ್ದು ಅಂಥ ಪದ್ಧತಿಗಳ ಊರಿನಲ್ಲಿ. ಅವರು ವಾಸಿಸಿದ ಮನೆ ಈಗ 'ಗಿಳಿವಿಂಡು' ಎಂಬ ಹೆಸರಿನ ಸ್ಮಾರಕವಾಗಿದೆ. ಅಷ್ಟು ದೂರ ಹೋಗಲಾರದವರಿಗೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಬರುವ ತಪಸ್ಸುಕಾಲದಲ್ಲಿ 'ಗೊಲ್ಗೊಥಾ'ದ ಒಂದು ಪ್ರತಿ ಹುಡುಕಿ ಮನೆಗೆ ತನ್ನಿ. ಕುಟುಂಬ ಪ್ರಾರ್ಥನೆಯ ಬಳಿಕ ಒಂದೊಂದು ಪುಟ ಓದಬಹುದು. ಭಾಷೆ ಗಡುಸು, ಹಳಗನ್ನಡದ ಪದಗಳು ಬಹಳ. ಮೊದಲ ದಿನವೇ ಮಕ್ಕಳು ಮುಖ ಸಿಂಡರಿಸುತ್ತಾರೆ ಎಂದು ಈಗಲೇ ಹೇಳಿಬಿಡುತ್ತೇನೆ. ಅರ್ಥವಾಗದಿದ್ದರೆ ಬೀದಿಯಲ್ಲಿರುವ ನಿವೃತ್ತ ಕನ್ನಡ ಮಾಸ್ತರರ ಮನೆಗೆ ಪುಸ್ತಕ ಹಿಡಿದುಕೊಂಡು ಹೋಗಿ. ಅವರು ಪದಗಳ ಅರ್ಥ ಹೇಳುತ್ತಾರೆ. ಪಿಲಾತ ಯಾರು, ಅವನು ಕೈ ತೊಳೆದದ್ದೇಕೆ ಎಂದು ಅವರು ತಿರುಗಿ ಕೇಳಿದರೆ ನೀವು ಹೇಳಿ.